110 ಮತ್ತು 143ನ್ನು ಮುಚ್ಚಿಬಿಡಿ: ಮೇಲ್ ಸರ್ವರ್ ನೋಡಿಕೊಳ್ಳುವವರಿಗೆ ಒಂದು ಬಹಿರಂಗ ಪತ್ರ

ಪ್ರಿಯ ವೃತ್ತಿಬಾಂಧವರೇ,

ಗೂಗಲ್‌ಗೋ ಮೈಕ್ರೋಸಾಫ್ಟ್‌ಗೋ ತಿಂಗಳ ಬಾಡಿಗೆ ಕಟ್ಟಿ ಮೇಲ್ ನಡೆಸುವ ದೊಡ್ಡ ಕಂಪನಿಗಳವರಿಗೆ ನಾನು ಈ ಪತ್ರ ಬರೆಯುತ್ತಿಲ್ಲ. ಡಿಗ್ರಿ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಲೇ ಸರ್ವರ್ ಕೋಣೆಯ ಬೀಗದಕೈಯನ್ನೂ ಇಟ್ಟುಕೊಂಡಿರುವವರು, ಪತ್ತಿನ ಸಹಕಾರಿ ಸಂಘದಲ್ಲೋ ನರ್ಸಿಂಗ್ ಹೋಮಿನಲ್ಲೋ ಪೀಣ್ಯದಂಥ ಕಡೆಯ ಸಣ್ಣ ಕಾರ್ಖಾನೆಯಲ್ಲೋ ಪ್ರಿಂಟರ್‌ನಿಂದ ಸಿಸಿಟಿವಿವರೆಗೆ ಎಲ್ಲಕ್ಕೂ ಒಬ್ಬರೇ ಓಡಾಡುವವರು ಇದ್ದೀರಲ್ಲ, ನಿಮಗೆ. ಸ್ವಂತ ಮೇಲ್ ಸರ್ವರ್ ಇಟ್ಟುಕೊಂಡು ನಡೆಸುವ ನಿಮ್ಮ ಕೆಲಸದ ಬಗ್ಗೆ ನನಗೆ ನಿಜವಾದ ಗೌರವ ಇದೆ. ಖರ್ಚು ಉಳಿಯುತ್ತದೆ, ಸಂಸ್ಥೆಯ ಪತ್ರ ಸಂಸ್ಥೆಯ ಮನೆಯಲ್ಲೇ ಉಳಿಯುತ್ತದೆ. ಆ ಗೌರವದಿಂದಲೇ ಒಂದು ಬೇಡಿಕೆ ಇಡುತ್ತಿದ್ದೇನೆ.

ನಿಮ್ಮ ಫೈರ್‌ವಾಲ್ ತೆರೆದು, ಹೊರಗಿನ ಇಂಟರ್‌ನೆಟ್‌ನಿಂದ ಮೇಲ್ ಸರ್ವರ್‌ಗೆ ಯಾವ ಯಾವ ಪೋರ್ಟ್ ಬಿಟ್ಟಿದ್ದೀರಿ ಎಂದು ಒಮ್ಮೆ ನೋಡಿ. ಆ ಪಟ್ಟಿಯಲ್ಲಿ ಮೇಲ್ ಓದುವ ಹಳೆಯ ಪೋರ್ಟ್‌ಗಳಾದ 110 ಅಥವಾ 143 ಇದ್ದರೆ, ನಿಮ್ಮವರ ಪಾಸ್‌ವರ್ಡ್ ದಾರಿಯಲ್ಲಿ ಬರಿಗಣ್ಣಿಗೆ ಕಾಣುವಂತೆ ಹೋಗುತ್ತಿರುವ ಸಾಧ್ಯತೆ ದೊಡ್ಡದು. ಫೈರ್‌ವಾಲ್ ಇದೆ, ಆದ್ದರಿಂದ ಮೇಲ್ ಭದ್ರ ಎಂಬ ನಂಬಿಕೆ ನಮ್ಮ ಕಚೇರಿಗಳಲ್ಲಿ ಬೇರೂರಿಬಿಟ್ಟಿದೆ. ಫೈರ್‌ವಾಲ್ ತನಗೆ ಹೇಳಿದ ಪೋರ್ಟ್ ಬಿಡುತ್ತದೆ, ಹೇಳದ್ದನ್ನು ತಡೆಯುತ್ತದೆ, ಅಷ್ಟೇ. ನೀವು ಬಿಟ್ಟ ಪೋರ್ಟಿನೊಳಗೆ ಪಾಸ್‌ವರ್ಡ್ ಬೆತ್ತಲೆಯಾಗಿ ಹೋಗುತ್ತಿದೆಯೇ ಎಂಬುದು ಅದರ ಚಿಂತೆಯಲ್ಲ. ಅದು ನಮ್ಮ ಚಿಂತೆ.

ಈ ಸ್ಥಿತಿ ಬಂದದ್ದಕ್ಕೆ ಕಾರಣ ಇದೆ. ಮೇಲ್ ಕಳಿಸುವ ಎಸ್‌ಎಂಟಿಪಿ ನಿಯಮವನ್ನು ಜೋನಾಥನ್ ಪೋಸ್ಟಲ್ ಬರೆದದ್ದು 1982ರ ಆಗಸ್ಟ್‌ನಲ್ಲಿ. ಮೇಲ್ ಓದುವ ಐಮ್ಯಾಪ್ ಅನ್ನು ಮಾರ್ಕ್ ಕ್ರಿಸ್ಪಿನ್ ಸ್ಟ್ಯಾನ್‌ಫರ್ಡ್‌ನಲ್ಲಿ ರೂಪಿಸಿದ್ದು 1986ರಲ್ಲಿ. ಆಗ ಜಾಲದಲ್ಲಿದ್ದವರು ಬಹುಮಟ್ಟಿಗೆ ವಿಶ್ವವಿದ್ಯಾಲಯದವರು, ಸಂಶೋಧಕರು. ಕದ್ದು ಕೇಳುವವರು ಇರುತ್ತಾರೆಂದು ಆ ನಿಯಮಗಳು ಎಣಿಸಿರಲಿಲ್ಲ. ನಾಲ್ಕು ದಶಕ ಕಳೆದ ಮೇಲೂ ಬಸ್ ಸ್ಟ್ಯಾಂಡಿನ ಉಚಿತ ವೈಫೈ, ಲಾಡ್ಜಿನ ರೂಟರ್, ಯಾರೋ ಹಾಕಿಕೊಟ್ಟ ಕೇಬಲ್ ಇಂಟರ್‌ನೆಟ್ ಇವುಗಳ ಮೂಲಕ ನಿಮ್ಮ ಪ್ರಾಂಶುಪಾಲರ ಫೋನು ಅದೇ ಹಳೆಯ ನಂಬಿಕೆಯಲ್ಲಿ ಮಾತಾಡುತ್ತಿರುತ್ತದೆ. ಲಾಗ್‌ನಲ್ಲಿ ಪಾಸ್‌ವರ್ಡ್ ಜಾಗದಲ್ಲಿ ಅರ್ಥವಾಗದ ಅಕ್ಷರಗಳು ಕಂಡವೆಂದು ಸಮಾಧಾನಪಡಬೇಡಿ. ಅದು ಬೇಸ್64. ಅದಕ್ಕೆ ಕೀಲಿಯೇ ಇಲ್ಲ, ಯಾರು ಬೇಕಾದರೂ ಒಂದು ಕ್ಷಣದಲ್ಲಿ ಬಿಡಿಸಿಕೊಳ್ಳಬಹುದು. ವೈರ್‌ಶಾರ್ಕ್ ಓಡಿಸಲು ಬರುವ ಡಿಪ್ಲೊಮಾ ವಿದ್ಯಾರ್ಥಿಗೂ ಅದು ಕಷ್ಟವಲ್ಲ.

"ನಮ್ಮದು ಚಿಕ್ಕ ಸಂಸ್ಥೆ, ನಮ್ಮ ಮೇಲ್ ಕದ್ದು ಯಾರಿಗೆ ಏನಾಗಬೇಕು?" ಎಂದು ಆಡಳಿತ ಮಂಡಳಿಯವರು ಕೇಳುತ್ತಾರೆ. ಅವರಿಗೆ ಉತ್ತರ ಕೊಡಬೇಕಾದವರು ನೀವು. ಕಳ್ಳ ಲೆಕ್ಕಪತ್ರ ವಿಭಾಗದ ಮೇಲ್‌ಗೆ ಲಾಗಿನ್ ಆದರೆ ಮೊದಲು ಏನೂ ಮಾಡುವುದಿಲ್ಲ, ಓದುತ್ತಾನೆ. ಬರುವ ಪತ್ರಗಳ ಪ್ರತಿ ತನಗೂ ತಲುಪುವಂತೆ ಫಾರ್ವರ್ಡ್ ಇಡುತ್ತಾನೆ. ಯಾವ ಸರಬರಾಜುದಾರರಿಗೆ ಎಷ್ಟು ಹಣ ಯಾವಾಗ ಹೋಗಬೇಕೆಂದು ತಿಳಿದುಕೊಳ್ಳುತ್ತಾನೆ. ಸರಿಯಾದ ಹೊತ್ತಿಗೆ, ಸರಿಯಾದ ಬಿಲ್ ಸಂಖ್ಯೆಯೊಂದಿಗೆ, "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಈ ಖಾತೆಗೆ ಹಾಕಿ" ಎಂಬ ಪತ್ರ ಹೋಗುತ್ತದೆ. ಜಗತ್ತಿನಾದ್ಯಂತ ನಡೆಯುತ್ತಿರುವ ಮೋಸದ ರೀತಿ ಇದು, ಚಿಕ್ಕವರು ದೊಡ್ಡವರು ಎಂಬ ಭೇದ ಅದಕ್ಕಿಲ್ಲ. ಅಂಥ ಹಣ ಹೋದಮೇಲೆ ಪಾಸ್‌ವರ್ಡ್ ಬದಲಿಸುವುದು, ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಈಗ ಕೆಲಸದ ಮಾತಿಗೆ ಬರೋಣ.

25ನೇ ಪೋರ್ಟ್‌ ಇರುವುದು ಒಂದು ಸರ್ವರ್ ಇನ್ನೊಂದು ಸರ್ವರ್‌ಗೆ ಮೇಲ್ ಕೊಡುವುದಕ್ಕೆ. ಹೊರಗಿನವರು ನಿಮಗೆ ಬರೆದ ಪತ್ರ ಬರಬೇಕಾದರೆ ಅದನ್ನು ಜಗತ್ತಿಗೆಲ್ಲ ತೆರೆದಿಡಲೇಬೇಕು. ನಿಮ್ಮ ಸಿಬ್ಬಂದಿಯ ಥಂಡರ್‌ಬರ್ಡ್, ಔಟ್‌ಲುಕ್, ಫೋನು ಇವು ಮೇಲ್ ಕಳಿಸಲು ಆ ಬಾಗಿಲಿಗೆ ಬರಬಾರದು. ಈ ಎರಡು ಕೆಲಸವನ್ನು ಬೇರೆ ಮಾಡಿ 587ನೇ ಪೋರ್ಟ್ ಕೊಟ್ಟದ್ದು 1998ರಲ್ಲೇ. ಆದರೂ 25ರಲ್ಲೇ ಪಾಸ್‌ವರ್ಡ್ ಕೇಳುವ ಸರ್ವರ್‌ಗಳು ಇನ್ನೂ ಓಡುತ್ತಿವೆ. ಅಂಥ ಸರ್ವರ್‌ನ ಲಾಗ್ ತೆಗೆದರೆ ದಿನವಿಡೀ ಎಲ್ಲೆಲ್ಲಿಂದಲೋ ಪಾಸ್‌ವರ್ಡ್ ಊಹಿಸುವ ಬಾಟ್‌ಗಳ ಸಾಲು ಕಾಣುತ್ತದೆ. ಅದೂ ಅಲ್ಲದೆ ಅನೇಕ ಇಂಟರ್‌ನೆಟ್ ಕಂಪನಿಗಳು ಮನೆ ಸಂಪರ್ಕಗಳಿಂದ ಹೊರಹೋಗುವ 25ನ್ನು ತಡೆದಿರುತ್ತವೆ. "ಆಫೀಸಿನಲ್ಲಿ ಮೇಲ್ ಹೋಗುತ್ತೆ, ಮನೆಯಿಂದ ಹೋಗಲ್ಲ ಸಾರ್" ಎಂಬ ಫೋನು ಬಹಳ ಸಲ ಈ ಕಾರಣದಿಂದಲೇ ಬರುವುದು. ಪೋಸ್ಟ್‌ಫಿಕ್ಸ್ ಇರಲಿ, ಬೇರೆ ಏನೇ ಇರಲಿ, 25ರಲ್ಲಿ ಲಾಗಿನ್ ಸೌಲಭ್ಯವನ್ನೇ ತೆಗೆದುಹಾಕಿ.

ಹಾಗಾದರೆ ಕಳಿಸಲು 587 ಬಿಡಬೇಕೋ 465 ಬಿಡಬೇಕೋ? ಇದರಲ್ಲಿ ನನ್ನ ನಿಲುವು ಸ್ಪಷ್ಟ: ಕಳಿಸಲು 465, ಓದಲು 993. ಈ ಎರಡರಲ್ಲಿ ಮೊದಲ ಅಕ್ಷರಕ್ಕೂ ಮುಂಚೆ ಟಿಎಲ್‌ಎಸ್ ಕಟ್ಟಿಕೊಳ್ಳುತ್ತದೆ, ಆಮೇಲೆ ಮಾತು. 587 ಮತ್ತು 143ರಲ್ಲಿ ಹಾಗಲ್ಲ. ಮೊದಲು ತೆರೆದ ಮಾತು, ಆಮೇಲೆ "ಸ್ಟಾರ್ಟ್‌ಟಿಎಲ್‌ಎಸ್" ಎಂಬ ಆಜ್ಞೆ ಕೊಟ್ಟು ಎನ್‌ಕ್ರಿಪ್ಶನ್‌ಗೆ ಏರುವುದು. ಆ ತೆರೆದ ಮಾತಿನ ಹೊತ್ತಿನಲ್ಲೇ ಎಲ್ಲ ತೊಂದರೆ. ನಡುವೆ ಕುಳಿತವನು ಸರ್ವರ್‌ನ ಉತ್ತರದಿಂದ ಆ ಪದವನ್ನು ಅಳಿಸಿಬಿಟ್ಟರೆ, ಹಳೆಯ ಕ್ಲೈಂಟ್ ಸುಮ್ಮನೆ ಪಾಸ್‌ವರ್ಡನ್ನು ಹಾಗೆಯೇ ಕಳಿಸುತ್ತದೆ. ಎಸ್‌ಎಂಟಿಪಿಯನ್ನು ಪರಿಶೀಲಿಸುತ್ತೇನೆಂದು ಹೊರಟ ಕೆಲವು ಫೈರ್‌ವಾಲ್‌ಗಳೇ ಆ ಪದದ ಮೇಲೆ ಸಾಲಾಗಿ ಎಕ್ಸ್ ಅಕ್ಷರ ಬರೆದು ಕಳಿಸಿದ ಉದಾಹರಣೆಗಳಿವೆ. ಭದ್ರತೆಗೆಂದು ಕೊಂಡ ಪೆಟ್ಟಿಗೆಯೇ ಎನ್‌ಕ್ರಿಪ್ಶನ್ ಕಿತ್ತುಹಾಕಿದ ಹಾಗಾಯಿತು. ನಿಮ್ಮ ಫೈರ್‌ವಾಲ್‌ನಲ್ಲಿ ಅಂಥ "ಇನ್‌ಸ್ಪೆಕ್ಷನ್" ಚಾಲೂ ಇದೆಯೇ ನೋಡಿಕೊಳ್ಳಿ.

ಇದು ಕೇವಲ ಊಹೆಯ ಅಪಾಯವಲ್ಲ. ಪೋಸ್ಟ್‌ಫಿಕ್ಸ್ ಬರೆದ ವಿಯೆಟ್ಸೆ ವೆನೆಮಾ ಅವರೇ 2011ರಲ್ಲಿ ತಮ್ಮದೂ ಸೇರಿದಂತೆ ಹಲವು ಸರ್ವರ್‌ಗಳಲ್ಲಿ ಇದ್ದ ಒಂದು ದೋಷವನ್ನು ಹೊರಗಿಟ್ಟರು. ತೆರೆದ ಮಾತಿನ ಬಾಲಕ್ಕೆ ಕಳ್ಳ ತನ್ನ ಆಜ್ಞೆ ಅಂಟಿಸಿದರೆ, ಟಿಎಲ್‌ಎಸ್ ಕಟ್ಟಿದ ಮೇಲೆ ಸರ್ವರ್ ಅದನ್ನು ಭದ್ರ ಮಾತೆಂದೇ ನಂಬುತ್ತಿತ್ತು. ಹತ್ತು ವರ್ಷದ ಬಳಿಕ, 2021ರಲ್ಲಿ, ಜರ್ಮನಿಯ ಸಂಶೋಧಕರು ಇದೇ ಜಾಡು ಹಿಡಿದು ಮೇಲ್ ಕ್ಲೈಂಟ್ ಮತ್ತು ಸರ್ವರ್‌ಗಳಲ್ಲಿ 40ಕ್ಕೂ ಹೆಚ್ಚು ಸ್ಟಾರ್ಟ್‌ಟಿಎಲ್‌ಎಸ್ ದೋಷಗಳನ್ನು ಪಟ್ಟಿ ಮಾಡಿದರು. ಜಾಲದಲ್ಲೆಲ್ಲ ಹುಡುಕಿದಾಗ, ವೆನೆಮಾ ಹೇಳಿದ್ದಂಥ ದೋಷ ಸುಮಾರು 3,20,000 ಸರ್ವರ್‌ಗಳಲ್ಲಿ ಇನ್ನೂ ಉಳಿದಿತ್ತು. ಇಂಟರ್‌ನೆಟ್ ನಿಯಮ ರೂಪಿಸುವ ಐಇಟಿಎಫ್ 2018ರ ಜನವರಿಯಲ್ಲೇ ಆರ್‌ಎಫ್‌ಸಿ 8314ರಲ್ಲಿ ಹೇಳಿತ್ತು: ಮೇಲ್ ಓದಲು, ಕಳಿಸಲು ತೆರೆದ ಸಂಪರ್ಕದ ಕಾಲ ಮುಗಿಯಿತು, ಮೊದಲಿನಿಂದಲೇ ಟಿಎಲ್‌ಎಸ್ ಇರುವ ಪೋರ್ಟ್‌ಗಳನ್ನು ಬಳಸಿ ಎಂದು. 1990ರ ದಶಕದಲ್ಲಿ ಕೊಟ್ಟು ಹಿಂತೆಗೆದುಕೊಂಡಿದ್ದ 465ನ್ನು ಆಗ ಮರಳಿ ಮಾನ್ಯ ಮಾಡಲಾಯಿತು. ಹಳೆಯ ಪುಸ್ತಕಗಳಲ್ಲಿ "465 ರದ್ದಾಗಿದೆ" ಎಂದು ಓದಿದವರು ಆ ಮಾತನ್ನು ಬಿಟ್ಟುಬಿಡಿ.

"ಸರ್ವರ್‌ನಲ್ಲಿ ಟಿಎಲ್‌ಎಸ್ ಇಲ್ಲದೆ ಲಾಗಿನ್ ಬೇಡವೆಂದು ಸೆಟ್ಟಿಂಗ್ ಇಟ್ಟಿದ್ದೇನೆ, 143 ತೆರೆದಿದ್ದರೂ ಪರವಾಗಿಲ್ಲ" ಎನ್ನುವವರು ಇನ್ನೊಂದು ವಿಷಯ ಗಮನಿಸಬೇಕು. ಸರ್ವರ್ ಬೇಡವೆನ್ನುವ ಹೊತ್ತಿಗೆ, ತಪ್ಪಾಗಿ ಸೆಟ್ ಮಾಡಿದ ಕ್ಲೈಂಟ್ ಪಾಸ್‌ವರ್ಡ್ ಕಳಿಸಿಯಾಗಿರುತ್ತದೆ. ಲಾಗಿನ್ ಆಗಲಿಲ್ಲ ನಿಜ, ಗುಟ್ಟು ದಾರಿಯಲ್ಲಿ ರಟ್ಟಾಯಿತು. ಪೋರ್ಟ್ ಮುಚ್ಚಿದ್ದರೆ ಸಂಪರ್ಕವೇ ಆಗುವುದಿಲ್ಲ, ಪಾಸ್‌ವರ್ಡ್ ಹೊರಡುವುದೂ ಇಲ್ಲ.

ಹಳೆಯ ಜೆರಾಕ್ಸ್ ಯಂತ್ರದ ಸಮಸ್ಯೆ ಎಲ್ಲರಿಗೂ ಇದೆ. ಸ್ಕ್ಯಾನ್ ಮಾಡಿ ಮೇಲ್ ಕಳಿಸುತ್ತದೆ, ಟಿಎಲ್‌ಎಸ್ ಗೊತ್ತಿಲ್ಲ. ಆ ಒಂದು ಯಂತ್ರಕ್ಕಾಗಿ ಜಗತ್ತಿಗೆ ತೆರೆದ ಪೋರ್ಟಿನ ನಿಯಮ ಸಡಿಲಿಸಬೇಡಿ. ಅದರ ಒಳಗಿನ ಐಪಿಯಿಂದ ಮಾತ್ರ, ಸಂಸ್ಥೆಯ ವಿಳಾಸಗಳಿಗೆ ಮಾತ್ರ ಕಳಿಸಲು ಬಿಡುವ ಒಂದು ಒಳದಾರಿ ಮಾಡಿಕೊಡಿ. ವಿಂಡೋಸ್ 7ರಂಥ ಹಳೆಯ ಕಂಪ್ಯೂಟರ್‌ಗಳಲ್ಲಿ ಟಿಎಲ್‌ಎಸ್ 1.2 ಇದ್ದರೂ ತಾನಾಗಿ ಚಾಲೂ ಇರುವುದಿಲ್ಲ. ಅವಕ್ಕಾಗಿ ಸರ್ವರನ್ನು 1.0ಕ್ಕೆ ಇಳಿಸುವುದೂ ತಪ್ಪು. 1.0 ಮತ್ತು 1.1ನ್ನು 2021ರ ಮಾರ್ಚ್‌ನಲ್ಲಿ ಅಧಿಕೃತವಾಗಿ ಕೈಬಿಟ್ಟಾಗಿದೆ.

ಸರ್ಟಿಫಿಕೇಟ್ ವಿಷಯದಲ್ಲಿ ನನಗೆ ನಿಜಕ್ಕೂ ಸಂಕಟವಾಗುತ್ತದೆ. "ಮೇಲ್ ಓಪನ್ ಮಾಡಿದಾಗ ಏನೋ ವಾರ್ನಿಂಗ್ ಬರುತ್ತೆ, ಏನ್ ಮಾಡ್ಲಿ?" ಎಂದು ಕೇಳಿದ ಮೇಡಂಗೆ "ಓಕೆ ಒತ್ತಿಬಿಡಿ ಮೇಡಂ, ಏನಾಗಲ್ಲ" ಎನ್ನುವ ಉತ್ತರ ನಮ್ಮ ವೃತ್ತಿಯಲ್ಲಿ ಮಾಮೂಲಾಗಿದೆ. ನಾಳೆ ಲಾಡ್ಜಿನ ವೈಫೈಯಲ್ಲಿ ಯಾರೋ ತಾನೇ ನಿಮ್ಮ ಮೇಲ್ ಸರ್ವರ್ ಎಂದು ಸುಳ್ಳು ಹೇಳಿದಾಗಲೂ ಬರುವುದು ಅದೇ ವಾರ್ನಿಂಗ್. ನಾವು ಕಲಿಸಿದ ಹಾಗೆ ಅವರು ಓಕೆ ಒತ್ತುತ್ತಾರೆ. ಅಲ್ಲಿಗೆ 993 ತೆರೆದದ್ದು, 143 ಮುಚ್ಚಿದ್ದು ಎಲ್ಲವೂ ವ್ಯರ್ಥ. ಆ ವಾರ್ನಿಂಗ್ ಬಂದರೆ ಒತ್ತಬೇಡಿ, ನನಗೆ ಫೋನ್ ಮಾಡಿ ಎಂದು ಹೇಳಲು ನಮಗೆ ಧೈರ್ಯ ಬರಬೇಕಾದರೆ, ದಿನನಿತ್ಯ ಆ ವಾರ್ನಿಂಗ್ ಬಾರದಂತೆ ನಾವು ಮೊದಲು ಸರಿಮಾಡಿಕೊಂಡಿರಬೇಕು.

ಸರ್ಟಿಫಿಕೇಟಿಗೆ ದುಡ್ಡಿಲ್ಲ ಎಂಬ ಕಾರಣ 2015ರ ಕೊನೆಗೇ ಹೋಯಿತು. ಲೆಟ್ಸ್ ಎನ್‌ಕ್ರಿಪ್ಟ್ ಆಗಿನಿಂದ ಅದನ್ನು ಉಚಿತವಾಗಿ ಕೊಡುತ್ತಿದೆ, 90 ದಿನದ ಅವಧಿಗೆ. ನವೀಕರಣಕ್ಕೆ 80ನೇ ಪೋರ್ಟ್ ತೆರೆಯಲು ಇಷ್ಟವಿಲ್ಲದಿದ್ದರೆ ಡಿಎನ್‌ಎಸ್ ದಾಖಲೆಯ ಮೂಲಕ ಹೆಸರು ಸಾಬೀತುಮಾಡುವ ಕ್ರಮವಿದೆ, ಅದಕ್ಕೆ ಫೈರ್‌ವಾಲ್‌ನಲ್ಲಿ ಒಂದೂ ರಂಧ್ರ ಬೇಡ. ಒಂದು ಎಚ್ಚರಿಕೆ: ಹೊಸ ಸರ್ಟಿಫಿಕೇಟ್ ಡಿಸ್ಕ್‌ಗೆ ಬಂದಮಾತ್ರಕ್ಕೆ ಐಮ್ಯಾಪ್ ಸರ್ವರ್ ಡವ್‌ಕಾಟ್ ಅದನ್ನು ಎತ್ತಿಕೊಳ್ಳುವುದಿಲ್ಲ. ನವೀಕರಣದ ಬೆನ್ನಿಗೇ ರೀಲೋಡ್ ಆಗುವಂತೆ ಸ್ಕ್ರಿಪ್ಟ್‌ನಲ್ಲಿ ಸೇರಿಸಿ. ವರ್ಷಕ್ಕೊಮ್ಮೆ ಕೊಂಡು ಕೈಯಾರೆ ಹಾಕುವ ಪದ್ಧತಿ ಇನ್ನು ನಡೆಯುವುದೂ ಇಲ್ಲ. ಬ್ರೌಸರ್ ಕಂಪನಿಗಳೂ ಸರ್ಟಿಫಿಕೇಟ್ ಕೊಡುವವರೂ 2025ರಲ್ಲಿ ಒಪ್ಪಿಕೊಂಡಂತೆ, 2029ರ ಮಾರ್ಚ್ ಹೊತ್ತಿಗೆ ಯಾವ ಸಾರ್ವಜನಿಕ ಸರ್ಟಿಫಿಕೇಟಿನ ಆಯುಸ್ಸೂ 47 ದಿನ ಮೀರುವಂತಿಲ್ಲ.

ಸರಿಯಾದ ಸರ್ಟಿಫಿಕೇಟ್ ಇದ್ದೂ ವಾರ್ನಿಂಗ್ ಬರುವ ಕಡೆ ಸಾಮಾನ್ಯವಾಗಿ ತಪ್ಪು ಇರುವುದು ಡಿಎನ್‌ಎಸ್‌ನಲ್ಲಿ. ಹೊರಗಿನಿಂದ ಸರ್ವರ್‌ನ ಹೆಸರು ಪಬ್ಲಿಕ್ ಐಪಿಗೆ ಹೋಗುತ್ತದೆ. ಕಚೇರಿಯೊಳಗಿನ ಕಂಪ್ಯೂಟರ್ ಅದೇ ಪಬ್ಲಿಕ್ ಐಪಿಗೆ ಹೋಗಿ ಫೈರ್‌ವಾಲ್ ಬಡಿದು ವಾಪಸ್ ಒಳಗೆ ಬರಬೇಕಾದಾಗ ಎಷ್ಟೋ ಫೈರ್‌ವಾಲ್‌ಗಳು ಬಿಡುವುದಿಲ್ಲ. ಆಗ ಅಡ್ಮಿನ್ ಬೇಸತ್ತು ಒಳಗಿನ ಯಂತ್ರಗಳಲ್ಲಿ ಹೆಸರಿನ ಬದಲು 192.168 ಎಂದು ಶುರುವಾಗುವ ನಂಬರನ್ನೇ ಹಾಕುತ್ತಾರೆ. ಸರ್ಟಿಫಿಕೇಟಿನಲ್ಲಿ ಆ ನಂಬರ್ ಇಲ್ಲ, ವಾರ್ನಿಂಗ್ ಬಂತು. ಅದೇ ಲ್ಯಾಪ್‌ಟಾಪ್ ಮನೆಗೆ ಹೋದರೆ ಮೇಲ್ ಬರುವುದೇ ಇಲ್ಲ. ಇದಕ್ಕೆ ಪರಿಹಾರ ಸುಲಭ: ಒಳಗಿನ ಡಿಎನ್‌ಎಸ್ ಸರ್ವರ್‌ನಲ್ಲಿ ಅದೇ ಹೆಸರಿಗೆ ಒಳಗಿನ ಐಪಿ ಬರೆಯಿರಿ. ಒಳಗೂ ಹೊರಗೂ ಹೆಸರು ಒಂದೇ, ಸರ್ಟಿಫಿಕೇಟ್ ಒಂದೇ, ಫೋನಿನ ಸೆಟ್ಟಿಂಗ್ ಒಂದೇ. ಅರ್ಧ ದಿನದ ಈ ಕೆಲಸದಿಂದ ನಿಮಗೆ ಬರುವ ಫೋನ್ ಕರೆಗಳಲ್ಲಿ ಬಹುಪಾಲು ನಿಂತುಹೋಗುತ್ತವೆ.

ಇನ್ನೊಂದು ವಿಷಯ ಗಂಭೀರವಾದದ್ದು, ಆದರೆ ಕಡಿಮೆ ಜನ ಮಾತಾಡುವಂಥದ್ದು. ಹೊರಗಿನಿಂದ ಬರುವ ಸಂಪರ್ಕವನ್ನು ಫೈರ್‌ವಾಲ್ ಒಳಗೆ ದಾಟಿಸುವಾಗ, ಬಂದವರ ವಿಳಾಸವನ್ನು ಅಳಿಸಿ ತನ್ನ ಒಳಗಿನ ವಿಳಾಸ ಹಾಕುವಂತೆ ಕೆಲವರು ನ್ಯಾಟ್ ರೂಲ್ ಬರೆದಿರುತ್ತಾರೆ. ಕೆಲಸ ನಡೆಯುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಮೇಲ್ ಸರ್ವರ್‌ನ ಕಣ್ಣಿಗೆ ಈಗ ಜಗತ್ತಿನವರೆಲ್ಲ ಫೈರ್‌ವಾಲ್‌ನ ಒಂದೇ ವಿಳಾಸದಿಂದ ಬಂದಂತೆ ಕಾಣುತ್ತಾರೆ. ಪೋಸ್ಟ್‌ಫಿಕ್ಸ್‌ನಲ್ಲಿ ಒಳಗಿನ ನೆಟ್‌ವರ್ಕ್ ಪೂರ್ತಿ ನಂಬಿಕಸ್ಥ ಎಂದು ಬರೆದಿದ್ದರೆ, ಹೊರಗಿನ ಸ್ಪ್ಯಾಮರ್ ಕೂಡ ನಂಬಿಕಸ್ಥನಾಗುತ್ತಾನೆ. ಪಾಸ್‌ವರ್ಡೇ ಇಲ್ಲದೆ ನಿಮ್ಮ ಸರ್ವರ್‌ನಿಂದ ಊರಿಗೆಲ್ಲ ಕಸ ಹೋಗುತ್ತದೆ, ನಿಮ್ಮ ಐಪಿ ಸ್ಪ್ಯಾಮ್‌ಹೌಸ್‌ನಂಥ ಕಪ್ಪುಪಟ್ಟಿಗೆ ಸೇರುತ್ತದೆ, ವಿದ್ಯಾರ್ಥಿಗಳ ಅಂಕಪಟ್ಟಿ ವಿಚಾರದ ಮೇಲ್ ಕೂಡ ಎಲ್ಲೂ ತಲುಪುವುದಿಲ್ಲ. ಪಾಸ್‌ವರ್ಡ್ ಊಹಿಸುವವರನ್ನು ತಡೆಯಲು ಫೇಲ್‌ಟುಬ್ಯಾನ್ ಹಾಕಿದ್ದರೆ ಅದು ಫೈರ್‌ವಾಲ್‌ನ ವಿಳಾಸವನ್ನೇ ನಿಷೇಧಿಸಿ, ಹೊರಗಿನ ಎಲ್ಲರಿಗೂ ಬಾಗಿಲು ಹಾಕುತ್ತದೆ. ಲಾಗ್ ಕೂಡ ನಿರುಪಯೋಗಿ. ದೇಶದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಟ್ಟಿರಬೇಕು, ದಾಳಿಯಾದರೆ ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು. ಎಲ್ಲ ಸಾಲಿನಲ್ಲೂ ಒಂದೇ ವಿಳಾಸವಿರುವ ಲಾಗ್ ಇಟ್ಟುಕೊಂಡು ಏನೆಂದು ವರದಿ ಬರೆಯುತ್ತೀರಿ? ಒಳಬರುವವರ ನಿಜವಾದ ವಿಳಾಸ ಸರ್ವರ್‌ವರೆಗೆ ಉಳಿಯುತ್ತಿದೆಯೇ ಎಂದು ಇವತ್ತೇ ಲಾಗ್ ತೆಗೆದು ನೋಡಿ.

ಹೊರಹೋಗುವ ದಿಕ್ಕಿನಲ್ಲೂ ರೂಲ್ ಬೇಕು. 25ನೇ ಪೋರ್ಟಿನಲ್ಲಿ ಹೊರಗೆ ಹೋಗುವ ಹಕ್ಕು ಮೇಲ್ ಸರ್ವರ್‌ಗೆ ಮಾತ್ರ ಇರಲಿ. ಲ್ಯಾಬಿನ ಒಂದು ಕಂಪ್ಯೂಟರಿಗೆ ವೈರಸ್ ಬಂದರೂ ಅದು ನೇರವಾಗಿ ಸ್ಪ್ಯಾಮ್ ಕಳಿಸಲಾರದು. ಸರ್ವರ್‌ನ ಅಡ್ಮಿನ್ ಪುಟ, ಎಸ್‌ಎಸ್‌ಎಚ್ ಇವೆರಡನ್ನೂ ಹೊರಗೆ ಬಿಡಲೇಬೇಡಿ, ಮನೆಯಿಂದ ಕೆಲಸ ಮಾಡಬೇಕಾದರೆ ವಿಪಿಎನ್ ಮೂಲಕ ಬನ್ನಿ. ವೆಬ್‌ಮೇಲ್‌ಗೆ 443 ಬಿಟ್ಟಿದ್ದರೆ ಆ ಸಾಫ್ಟ್‌ವೇರಿನ ಅಪ್‌ಡೇಟ್ ತಪ್ಪಿಸಬೇಡಿ. 2021ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್‌ನ ನಾಲ್ಕು ದೋಷಗಳು ಬಯಲಾದಾಗ ದಾಳಿಕೋರರು ಬಂದದ್ದು ಎಲ್ಲರೂ ತಿಳಿದೇ ತೆರೆದಿಟ್ಟಿದ್ದ 443ರಿಂದ.

ಟಿಎಲ್‌ಎಸ್‌ಗೆ ಬದಲಾದ ಮೇಲೆ "ಹೊಸ ಮೇಲ್ ತಡವಾಗಿ ಬರುತ್ತಿದೆ" ಎಂಬ ದೂರು ಬರಬಹುದು. ಎನ್‌ಕ್ರಿಪ್ಶನ್‌ ಅನ್ನು ದೂರಬೇಡಿ. ಐಮ್ಯಾಪ್‌ನಲ್ಲಿ ಕ್ಲೈಂಟ್ ಸಂಪರ್ಕ ಹಿಡಿದುಕೊಂಡು ಸುಮ್ಮನೆ ಕಾಯುತ್ತಿರುತ್ತದೆ. ಕೆಲವು ರೂಟರ್, ಫೈರ್‌ವಾಲ್‌ಗಳು ಐದು ಹತ್ತು ನಿಮಿಷ ಮಾತಿಲ್ಲದಿದ್ದರೆ ಆ ಸಂಪರ್ಕವನ್ನು ಸದ್ದಿಲ್ಲದೆ ಮರೆತುಬಿಡುತ್ತವೆ. ಕ್ಲೈಂಟ್ ಮಾತ್ರ ಇನ್ನೂ ಕಾಯುತ್ತಲೇ ಇರುತ್ತದೆ. ನಿಯಮದ ಪ್ರಕಾರ ನ್ಯಾಟ್ ಸಾಧನ ಸುಮ್ಮನಿರುವ ಟಿಸಿಪಿ ಸಂಪರ್ಕವನ್ನು 2 ಗಂಟೆ 4 ನಿಮಿಷಕ್ಕಿಂತ ಮೊದಲು ಬಿಡಬಾರದು. 993ಕ್ಕೆ ಆ ಕಾಲಮಿತಿ ಹೆಚ್ಚಿಸಿ. ಡವ್‌ಕಾಟ್ ತಾನಾಗಿಯೇ 2 ನಿಮಿಷಕ್ಕೊಮ್ಮೆ "ಇಲ್ಲೇ ಇದ್ದೇನೆ" ಎಂದು ಹೇಳುತ್ತದೆ, ಆ ಸೆಟ್ಟಿಂಗ್ ಬದಲಿಸದೆ ಬಿಡಿ.

993 ಮತ್ತು 465 ತೆರೆದಿರುವವರೆಗೆ ಪಾಸ್‌ವರ್ಡ್ ಊಹಿಸುವವರು ಅಲ್ಲಿಗೂ ಬರುತ್ತಾರೆ. ಮಾಮೂಲು ಐಮ್ಯಾಪ್ ಲಾಗಿನ್‌ನಲ್ಲಿ ಒಟಿಪಿ ಕೇಳುವ ಜಾಗವಿಲ್ಲ. ಮೈಕ್ರೋಸಾಫ್ಟ್ 2022ರ ಅಕ್ಟೋಬರ್‌ನಿಂದ ತನ್ನ ಕ್ಲೌಡ್ ಮೇಲ್‌ನಲ್ಲಿ ಬರಿಯ ಪಾಸ್‌ವರ್ಡ್ ಲಾಗಿನ್ ನಿಲ್ಲಿಸುತ್ತ ಬಂದದ್ದು ಇದಕ್ಕೇ. ಆ ಮಟ್ಟದ ಏರ್ಪಾಡು ಸಣ್ಣ ಸಂಸ್ಥೆಗೆ ಭಾರವಾಗಬಹುದು. ಆದರೆ ಫೋನಿಗೊಂದು, ಲ್ಯಾಪ್‌ಟಾಪಿಗೊಂದು ಬೇರೆ ಬೇರೆ ಉದ್ದನೆಯ ಪಾಸ್‌ವರ್ಡ್ ಕೊಡುವುದು ನಿಮ್ಮ ಕೈಯಲ್ಲಿದೆ. ಫೋನ್ ಕಳೆದರೆ ಅದೊಂದನ್ನು ರದ್ದು ಮಾಡಿದರಾಯಿತು. ಲೆಕ್ಕಪತ್ರ ವಿಭಾಗದವರಿಗೆ, ಕಾರ್ಯದರ್ಶಿಗಳಿಗೆ, ಪ್ರಾಂಶುಪಾಲರಿಗೆ ವಿಪಿಎನ್ ಮೂಲಕವೇ ಮೇಲ್ ಎಂಬ ನಿಯಮ ಮಾಡಿ. ವೈರ್‌ಗಾರ್ಡ್ ಆದರೆ ಒಂದೇ ಒಂದು ಯುಡಿಪಿ ಪೋರ್ಟ್ ಸಾಕು, ಕೀಲಿ ಇಲ್ಲದವರು ತಟ್ಟಿದರೆ ಅದು ಉತ್ತರವನ್ನೇ ಕೊಡುವುದಿಲ್ಲ. ಇನ್ನೂರು ಅಧ್ಯಾಪಕರಿಗೆಲ್ಲ ವಿಪಿಎನ್ ಹೇರಿದರೆ ಅವರು ಸಂಸ್ಥೆಯ ಮೇಲ್ ಬಿಟ್ಟು ಸ್ವಂತ ಜಿಮೇಲ್‌ಗೆ ಹೋಗುತ್ತಾರೆ, ಅದು ಬೇಡ.

ಬದಲಾವಣೆ ಮಾಡುವ ಮುಂಚೆ ಎರಡು ವಾರದ ಲಾಗ್ ತೆಗೆದು ಯಾರು ಇನ್ನೂ 110, 143, 25ರಿಂದ ಬರುತ್ತಿದ್ದಾರೆಂದು ಹೆಸರು ಬರೆದುಕೊಳ್ಳಿ. ಅವರಿಗೆ ಸುತ್ತೋಲೆ ಕಳಿಸಿದರೆ ಸಾಲದು. ಅವರ ಮೇಜಿಗೆ ಹೋಗಿ, ಫೋನ್ ಕೈಗೆ ತೆಗೆದುಕೊಂಡು ಸೆಟ್ಟಿಂಗ್ ಬದಲಿಸಿ, ಪಾಸ್‌ವರ್ಡ್ ಕೂಡ ಹೊಸದು ಮಾಡಿಸಿ, ಏಕೆಂದರೆ ಹಳೆಯದು ಇಷ್ಟು ದಿನ ತೆರೆದೇ ಓಡಾಡಿದೆ. ದಾಖಲಾತಿ, ಫಲಿತಾಂಶ, ಮಾರ್ಚ್ ಕೊನೆಯ ಲೆಕ್ಕ ಇವುಗಳ ಹೊತ್ತು ಬಿಟ್ಟು ಒಂದು ದಿನ ಗೊತ್ತುಮಾಡಿ ಮುಚ್ಚಿ. ಮುಚ್ಚಿದ ಮೇಲೆ ಪರೀಕ್ಷೆಯನ್ನು ಕಚೇರಿಯ ನೆಟ್‌ನಿಂದ ಮಾಡಬೇಡಿ. ಮೊಬೈಲ್ ಡೇಟಾದಿಂದ ಲ್ಯಾಪ್‌ಟಾಪ್ ಜೋಡಿಸಿ ಎನ್‌ಮ್ಯಾಪ್ ಓಡಿಸಿ, ಓಪನ್‌ಎಸ್‌ಎಸ್‌ಎಲ್‌ನಿಂದ 993 ಮತ್ತು 465ಕ್ಕೆ ಹೋಗಿ ಸರ್ಟಿಫಿಕೇಟಿನ ಹೆಸರು, ಅವಧಿ ನೋಡಿ.

ಆಡಳಿತ ಮಂಡಳಿಯವರು ಸಮಯ ಕೊಡದಿದ್ದರೆ ಈ ಪತ್ರವನ್ನೇ ಅವರ ಮುಂದಿಡಿ. ಪರಿಚಯದ ಇನ್ನೊಂದು ಕಾಲೇಜಿನಲ್ಲಿ, ಸಂಘದಲ್ಲಿ ಇದೇ ಕೆಲಸ ಮಾಡುವವರಿದ್ದರೆ ಅವರಿಗೂ ಕೊಡಿ, ಅವರಿಗೆ ಬಾರದಿದ್ದರೆ ಜೊತೆಯಲ್ಲಿ ಕೂತು ಮಾಡಿಕೊಡಿ. ಎಲ್ಲವನ್ನೂ ಒಟ್ಟಿಗೆ ಮಾಡಲಾಗದಿದ್ದರೆ ಬೇಡ. ಲಾಗ್ ತೆಗೆದು ಹೆಸರು ಬರೆದುಕೊಳ್ಳುವ ಕೆಲಸವನ್ನಾದರೂ ಈ ವಾರವೇ ಶುರುಮಾಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತಿ,
ನಿಮ್ಮ ವೃತ್ತಿಬಾಂಧವ